ಡಿಗ್ರಿ ಇಲ್ಲದ ಎಂಜಿನಿಯರ್, ಸುರಪುರದ ಟೇಲರ್

ನಮ್ಮ ಸೈದಾಪುರದ ಕಡೆಯಿಂದ ಯಾದಗಿರಿ, ಶಹಾಪುರ ದಾಟಿ ಹೋದ್ರೆ ಸುರಪುರ. ಅಲ್ಲಿ ಹಳೇ ಕೋಟೆ, ಅರಮನೆ ನೋಡಿದವರು ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೂ ಹೋಗ್ತಾರೆ. ಫೋಟೊ ತೆಗೆಯೋದು ಇದ್ದೇ ಇದೆ. ಎಂಜಿನಿಯರಿಂಗ್ ಓದುವ ನಾವು ಆ ಬಂಗಲೆಯಲ್ಲಿದ್ದವರ ಬದುಕನ್ನೂ ತಿಳಿದು ಹೋದರೆ ಚೆಂದ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದರ ವಯಸ್ಸಿಗೇ ಮುಂಬೈಗೆ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಬಂದರು. ಅದು ಸರಿಹೋಗದೆ ಹೈದರಾಬಾದ್ ನಿಜಾಮನ ಸೈನ್ಯ ಸೇರಿದರು. ಯಾವ ಕಾಲೇಜೂ ಇಲ್ಲ, ಡಿಗ್ರಿಯೂ ಇಲ್ಲ. ಭೂಮಿ ಅಳೆಯೋದು, ರಸ್ತೆ-ಕೆರೆ ಕಟ್ಟಿಸೋದು, ಕಾನೂನು ಎಲ್ಲವನ್ನೂ ಕೆಲಸ ಮಾಡ್ತಾ ಕಲಿತರು. 1839ರಲ್ಲಿ ಠಕ್ಕರ ಮೇಲೆ ಬರೆದ ಕಾದಂಬರಿ ಅವರಿಗೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ತಂದಿತು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳಿಸಿದರು. ದೊರೆ ವೆಂಕಟಪ್ಪ ನಾಯಕ ಆಗಿನ್ನೂ ಚಿಕ್ಕ ಹುಡುಗ, ಸಂಸ್ಥಾನದಲ್ಲಿ ಒಳಜಗಳ. ಟೇಲರ್ ಆಡಳಿತ ನೋಡಿಕೊಂಡರು, ಬೋನಾಳದ ಕೆರೆ ದುರಸ್ತಿ ಮಾಡಿಸಿದರು, ಸುತ್ತಲಿನ ಬೃಹತ್ ಶಿಲಾಸಂಸ್ಕೃತಿಯ ಕಲ್ಗೋರಿಗಳನ್ನು ಅಳೆದು ಬರೆದಿಟ್ಟರು. ಹುಡುಗನ ಓದು-ಬರಹವೂ ಅವರದೇ ಜವಾಬ್ದಾರಿ. ಆತ ಅವರನ್ನು ಅಪ್ಪಾ ಅಂತಲೇ ಕರೀತಿದ್ದ. 1853ರಲ್ಲಿ ಅಧಿಕಾರವನ್ನು ಅವನ ಕೈಗೊಪ್ಪಿಸಿ ಟೇಲರ್ ಬೇರೆ ಜಿಲ್ಲೆಗೆ ಹೋದರು.

ಐದೇ ವರ್ಷ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತರು. ಸುರಪುರ ಬಿತ್ತು, ದೊರೆ ಹೈದರಾಬಾದಿನಲ್ಲಿ ಸೆರೆಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ಅವರನ್ನು ಕಂಡರು. ಮರಣದಂಡನೆ ಇಳಿಯುತ್ತಾ ಬಂದು 4 ವರ್ಷದ ಸೆರೆಯಾಯಿತು. ಆದರೆ ಮದ್ರಾಸಿನ ಕಡೆಗೆ ಕರೆದೊಯ್ಯುವ ದಾರಿಯಲ್ಲೇ ದೊರೆ ಗುಂಡೇಟಿಗೆ ತೀರಿಕೊಂಡರು. ತಾವೇ ಹಾರಿಸಿಕೊಂಡರು ಅನ್ನೋದು ಬ್ರಿಟಿಷರ ದಾಖಲೆ. ಆಗ ಅವರಿನ್ನೂ ಇಪ್ಪತ್ತರ ಹರೆಯದವರು.

ಸಾಕಿದ ಮಗುವಿನಂಥವರ ಊರನ್ನು ಮತ್ತೆ ಆಳುವ ಕೆಲಸ ಬಂದದ್ದೂ ಟೇಲರ್ ಪಾಲಿಗೇ. 1860ರಲ್ಲಿ ಊರಿಗೆ ಮರಳಿ ಕಾದಂಬರಿ ಬರೆಯುತ್ತಾ ಉಳಿದರು. ಕೊನೆಗಾಲದಲ್ಲಿ ಕಣ್ಣು ಮಂಜಾಯಿತು. 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು.

ಟೇಲರ್ ಒಳ್ಳೆಯವರಾ, ಕೆಟ್ಟವರಾ ಅಂತ ನಮ್ಮೊಳಗೇ ಜಗಳ ಆಗ್ತದೆ. ಪ್ರೀತಿ ನಿಜ, ಕೆರೆ ನಿಜ. ಅವರು ದುಡಿದದ್ದು ಆ ಹುಡುಗನ ರಾಜ್ಯ ಕಿತ್ತುಕೊಂಡ ಸರ್ಕಾರದ ಕಡೆಗೆ ಅನ್ನೋದೂ ಅಷ್ಟೇ ನಿಜ. ನಾಳೆ ನಾವೂ ಯಾರಿಗೋ ಕೆರೆ, ರಸ್ತೆ ಕಟ್ಟಿಕೊಡುವವರೇ. ಬೋನಾಳ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹೋಗಿ, ಅರಮನೆಯನ್ನೂ ಬಂಗಲೆಯನ್ನೂ ಒಂದೇ ದಿನ ನೋಡಿ ಬನ್ರಿ.