ಡಾ. ಅಲಿಕ್ ಐಸಾಕ್ಸ್

ಇನ್‌ಫ್ಲುಯೆಂಜಾ ವೈರಸ್ಸಿಗೆ ತುತ್ತಾದ ಜೀವಕೋಶವು ನಿರ್ವಿಣ್ಣವಾಗಿ ಶರಣಾಗುವುದಿಲ್ಲ. ತಾನು ಅಳಿಯುವ ಮುನ್ನ ನೆರೆಯ ಕೋಶಗಳಿಗೆ ಎಚ್ಚರಿಕೆಯನ್ನು ಕಳುಹಿಸಲು ಯತ್ನಿಸುತ್ತದೆ. ಈ ತಥ್ಯವನ್ನು ಬೆಳಕಿಗೆ ತಂದವರಲ್ಲಿ ಡಾ. ಅಲಿಕ್ ಐಸಾಕ್ಸ್ ಪ್ರಮುಖರು.

1921ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದ ಐಸಾಕ್ಸರು ಅಲ್ಲಿಯೇ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1944ರಲ್ಲಿ ಪದವೀಧರರಾದರು. ಚಿಕಿತ್ಸಾಲಯಕ್ಕಿಂತ ಪ್ರಯೋಗಶಾಲೆಯೇ ಅವರನ್ನು ಸೆಳೆಯಿತು. ಶೆಫೀಲ್ಡ್‌ನಲ್ಲಿ ಕೆಲಕಾಲವಿದ್ದು, ಮೆಲ್ಬರ್ನಿನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ಟರ ಬಳಿ ಪಳಗಿ, ಬಳಿಕ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ನೆಲೆಗೊಂಡರು.

ಒಂದು ವೈರಸ್ ಹೊಕ್ಕ ಕೋಶದಲ್ಲಿ ಇನ್ನೊಂದು ವೈರಸ್ ಬೆಳೆಯದೆಂಬುದು ಆಗಲೇ ತಿಳಿದಿತ್ತು, ಏಕೆಂಬುದು ತಿಳಿದಿರಲಿಲ್ಲ. ಸ್ವಿಟ್ಜರ್‌ಲೆಂಡಿನ ಜೀನ್ ಲಿಂಡೆನ್‌ಮನ್ನರೊಡನೆ ಐಸಾಕ್ಸರು ಕೈಗೊಂಡ ಪ್ರಯೋಗವು ಸರಳತೆಯಲ್ಲಿಯೇ ಸೊಗಸಾದುದು. ಮೊಟ್ಟೆಯೊಳಗಿನ ಕೋಳಿಭ್ರೂಣದ ಪೊರೆಯ ತುಣುಕುಗಳನ್ನು, ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸಿನೊಡನೆ ದ್ರಾವಣದಲ್ಲಿ ಇರಿಸಿದರು. ಅನಂತರ ಆ ದ್ರಾವಣವನ್ನು ಹೊಸ ಪೊರೆಗೆ ಸೋಂಕಿಸಿದಾಗ, ಅದರಲ್ಲಿ ಜೀವಂತ ವೈರಸ್ಸಿನ ಬೆಳವಣಿಗೆಗೆ ತಡೆಯುಂಟಾಯಿತು. ಕೋಶಗಳೇ ಸ್ರವಿಸಿದ ಆ ರಕ್ಷಕ ವಸ್ತುವಿಗೆ 1957ರಲ್ಲಿ ಇಂಟರ್‌ಫೆರಾನ್ ಎಂಬ ನಾಮಕರಣವಾಯಿತು.

ಕೀರ್ತಿಯೊಡನೆ ಸಂಶಯವೂ ಬೆನ್ನಟ್ಟಿತು. ಆ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ದೊರೆಯುತ್ತಿದ್ದುದರಿಂದ ಶುದ್ಧೀಕರಿಸುವುದು ದುಸ್ಸಾಧ್ಯವಾಗಿತ್ತು. ಅಂಥದೊಂದು ವಸ್ತುವೇ ಇಲ್ಲವೆಂದು ಹಾಸ್ಯ ಮಾಡಿದವರೂ ಇದ್ದರು. ಮನೋವ್ಯಾಕುಲತೆ, 1964ರಲ್ಲಿ ಮೆದುಳಿನ ರಕ್ತಸ್ರಾವ, ಇವುಗಳಿಂದ ಜರ್ಜರಿತರಾದ ಐಸಾಕ್ಸರು 1967ರ ಜನವರಿಯಲ್ಲಿ, ಕೇವಲ 45ರ ಪ್ರಾಯದಲ್ಲಿ ನಿಧನರಾದರು. ಇಂಟರ್‌ಫೆರಾನ್ ಔಷಧವಾದುದನ್ನು ಅವರು ಕಾಣಲಿಲ್ಲವೆಂಬುದು ಖೇದಕರ.

ಅವರ ಕೃಷಿಯ ಮುಂದಿನ ಫಸಲು ಇನ್ನೂ ಸ್ವಾರಸ್ಯಕರ. ಕೋಶವು ಕೂಗಿದರೆ ವೈರಸ್ ಅದರ ಬಾಯಿ ಮುಚ್ಚಿಸಬಲ್ಲದು! ಇನ್‌ಫ್ಲುಯೆಂಜಾ ವೈರಸ್ಸಿನ ಎನ್‌ಎಸ್1 ಎಂಬ ಪ್ರೋಟೀನು, ಕೋಶದೊಳಗೆ ವೈರಸ್ಸಿನ ಸುಳಿವನ್ನು ಸಾರುವ ಸಂಕೇತಗಳನ್ನು ಅಡಗಿಸಿ, ಇಂಟರ್‌ಫೆರಾನ್ ಹುಟ್ಟದಂತೆ ತಡೆಯುತ್ತದೆ. ನ್ಯೂಯಾರ್ಕಿನಲ್ಲಿ ಗಾರ್ಸಿಯಾ-ಸಾಸ್ಟ್ರೆ, ಪಲೇಸೆ ಮೊದಲಾದವರು ಈ ಪ್ರೋಟೀನಿಲ್ಲದ ವೈರಸ್ಸನ್ನು ರೂಪಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಇಲಿಗಳಲ್ಲಿ ಅದು ನಿರ್ವೀರ್ಯವಾಗಿತ್ತು. ಇಂಟರ್‌ಫೆರಾನಿನ ಸಂದೇಶವನ್ನು ಕೋಶಕೇಂದ್ರಕ್ಕೆ ಒಯ್ಯುವ ಸ್ಟ್ಯಾಟ್1 ಪ್ರೋಟೀನಿಲ್ಲದ ಇಲಿಗಳಲ್ಲಿಯಾದರೋ, ಅದೇ ವೈರಸ್ ಬೆಳೆದು ಅವನ್ನು ಕೊಂದಿತು.