ಕಾನಕಾನಹಳ್ಳಿ ರಸ್ತೆಯಲ್ಲಿ ಕಾರ್ನ್‌ವಾಲಿಸ್

ಲಾರ್ಡ್ ಕಾರ್ನ್‌ವಾಲಿಸ್ ಎಂಬ ಹೆಸರು ನಮ್ಮಲ್ಲಿ ಬಹುತೇಕರಿಗೆ ಶಾಲೆಯ ಚರಿತ್ರೆ ಪುಸ್ತಕದಿಂದ ಪರಿಚಿತ. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದದ್ದು, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದದ್ದು, ಬಂಗಾಳದಲ್ಲಿ ಖಾಯಂ ಜಮೀನ್ದಾರಿ ಪದ್ಧತಿ ತಂದದ್ದು ಎಂಬ ಮೂರು ಸಂಗತಿಗಳಲ್ಲಿ ಆತನ ಬದುಕು ಮುಗಿದುಹೋಗುತ್ತದೆ. ಆದರೆ ಆತನ ಬದುಕಿನಲ್ಲಿ ಹೆಚ್ಚಿನ ಪಾಠ ಕಲಿಸಬಲ್ಲ ಕೆಲವು ವಾರಗಳು ಕಳೆದದ್ದು ನಮ್ಮ ಮನೆಯ ಬಾಗಿಲಿನಲ್ಲೇ, ಇಂದು ಕನಕಪುರ ಎಂದು ಕರೆಯುವ ಅಂದಿನ ಕಾನಕಾನಹಳ್ಳಿಯ ರಸ್ತೆಯಲ್ಲಿ. ಅಲ್ಲಿ ಆತನನ್ನು ಹಿಮ್ಮೆಟ್ಟಿಸಿದ್ದು ಮೇವಿಲ್ಲದೆ ಬಿದ್ದ ಎತ್ತುಗಳು ಮತ್ತು ಅಕಾಲದ ಮಳೆ.

ಚಾರ್ಲ್ಸ್ ಕಾರ್ನ್‌ವಾಲಿಸ್ ಹುಟ್ಟಿದ್ದು 1738ರ ಡಿಸೆಂಬರ್ 31ರಂದು ಲಂಡನ್ನಿನ ಶ್ರೀಮಂತ ಮನೆತನದಲ್ಲಿ. ಈಟನ್ ಶಾಲೆಯಲ್ಲಿ ಓದಿ, ಹದಿಹರೆಯದಲ್ಲೇ ಸೈನ್ಯ ಸೇರಿದ. ಅಮೆರಿಕದ ವಸಾಹತುಗಳ ಮೇಲೆ ಬ್ರಿಟಿಷ್ ಸಂಸತ್ತಿಗೆ ಸಂಪೂರ್ಣ ಅಧಿಕಾರವಿದೆ ಎಂಬ 1766ರ ಮಸೂದೆಯನ್ನು ಮೇಲ್ಮನೆಯಲ್ಲಿ ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ ಆತನೂ ಒಬ್ಬ. ಹತ್ತು ವರ್ಷಗಳ ನಂತರ ಅದೇ ವಸಾಹತುಗಳನ್ನು ಅಡಗಿಸಲು ಕತ್ತಿ ಹಿಡಿದು ಹೋದದ್ದು ಚರಿತ್ರೆಯ ವ್ಯಂಗ್ಯ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಆತ ಶರಣಾದ. ಫ್ರೆಂಚ್ ನೌಕಾಪಡೆ ಸಮುದ್ರದ ದಾರಿಯನ್ನು ಮುಚ್ಚಿ, ಆಹಾರವೂ ನೆರವೂ ಬಾರದಂತೆ ಮಾಡಿದ್ದೇ ಈ ಸೋಲಿಗೆ ಮುಖ್ಯ ಕಾರಣ. ಅನಾರೋಗ್ಯದ ನೆಪ ಹೇಳಿ, ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನ ಅಧಿಕಾರಿಯನ್ನು ಕಳುಹಿಸಿದ.

ಅಂತಹ ಸೋಲಿನ ಬಳಿಕವೂ 1786ರಲ್ಲಿ ಆತ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. ಕಂಪನಿಯ ನೌಕರರು ಅಲ್ಪ ಸಂಬಳ ಪಡೆದು ಅಪಾರ ಲಂಚ, ಖಾಸಗಿ ವ್ಯಾಪಾರಗಳಲ್ಲಿ ಮುಳುಗಿದ್ದ ಕಾಲವದು. ಕಾರ್ನ್‌ವಾಲಿಸ್ ಖಾಸಗಿ ವ್ಯಾಪಾರವನ್ನು ನಿಷೇಧಿಸಿ, ಕಲೆಕ್ಟರ್‌ಗೆ ತಿಂಗಳಿಗೆ 1500 ರೂಪಾಯಿ ಸಂಬಳವನ್ನೂ ವಸೂಲಾದ ಕಂದಾಯದಲ್ಲಿ ಶೇಕಡಾ 1ರಷ್ಟು ಕಮಿಷನ್ನನ್ನೂ ಗೊತ್ತುಪಡಿಸಿದ. ಭಾರತದ ನಾಗರಿಕ ಸೇವೆಯ ಜನಕ ಎಂಬ ಬಿರುದು ಆತನಿಗೆ ಬಂದದ್ದು ಹೀಗೆ. ಅದೇ ಕೈಯಿಂದ ಭಾರತೀಯರನ್ನು ಎಲ್ಲ ಮೇಲ್ದರ್ಜೆಯ ಹುದ್ದೆಗಳಿಂದ ಹೊರಗಿಟ್ಟನೆಂಬುದನ್ನೂ ಮರೆಯಬಾರದು. ಪ್ರಾಮಾಣಿಕತೆಗೂ ಚರ್ಮದ ಬಣ್ಣಕ್ಕೂ ಸಂಬಂಧವಿದೆ ಎಂಬ ಅಹಂಕಾರ ಆತನ ಆಡಳಿತದ ಬುಡದಲ್ಲೇ ಇತ್ತು.

1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದ್ದರಿಂದ ಮೂರನೆಯ ಮೈಸೂರು ಯುದ್ಧ ಹುಟ್ಟಿಕೊಂಡಿತು. ಮೊದಲ ವರ್ಷ ಜನರಲ್ ಮೆಡೋಸ್ ಏನನ್ನೂ ಸಾಧಿಸಲಾಗದಿದ್ದಾಗ ಕಾರ್ನ್‌ವಾಲಿಸ್ ತಾನೇ ಸೈನ್ಯದ ಮುಂದಾಳತ್ವ ವಹಿಸಿ, 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದ. ಇನ್ನುಳಿದದ್ದು ಶ್ರೀರಂಗಪಟ್ಟಣ. ಭೂಪಟದಲ್ಲಿ ಅದು ಕೆಲವೇ ದಿನಗಳ ದಾರಿ. ರಾಮಗಿರಿ, ಚನ್ನಪಟ್ಟಣಗಳ ಮೂಲಕ ಹೋಗುವ ನೇರ ರಸ್ತೆಯ ಇಕ್ಕೆಲಗಳನ್ನೂ ಟಿಪ್ಪು ಸುಟ್ಟು ಬರಿದು ಮಾಡಿಸಿದ್ದ. ಹಾಗಾಗಿ ಕಾರ್ನ್‌ವಾಲಿಸ್ ದಕ್ಷಿಣದ ಕಾನಕಾನಹಳ್ಳಿಯ ದಾರಿಯನ್ನು ಆರಿಸಿಕೊಂಡು ಮೇ ಮೊದಲ ವಾರದಲ್ಲಿ ಹೊರಟ. ಆದರೆ ಆತನ ಸೈನ್ಯಕ್ಕಿಂತ ಮುಂಚೆಯೇ ಟಿಪ್ಪುವಿನ ಸವಾರರು ಆ ದಾರಿಯನ್ನೂ ತಲುಪಿದ್ದರು. ಹುಲ್ಲಿನ ಬಣವೆಗಳು ಬೂದಿಯಾಗಿದ್ದವು. ಹಗೇವುಗಳು ಬರಿದಾಗಿದ್ದವು. ಊರುಗಳಲ್ಲಿ ಜನರಿರಲಿಲ್ಲ.

ಮುತ್ತಿಗೆಯ ಭಾರಿ ಫಿರಂಗಿಗಳನ್ನು ಎಳೆಯುವುದು ಎತ್ತುಗಳ ಕೆಲಸ. ಏರಿನಲ್ಲಿ ಹಿಂದಿನಿಂದ ನೂಕಲು ಬಂಗಾಳದಿಂದ ತರಿಸಿದ ಆನೆಗಳಿದ್ದವು. ಮೇವಿಲ್ಲದ ಎತ್ತುಗಳು ಹಗ್ಗದಲ್ಲೇ ಕುಸಿದವು. ಜಾನುವಾರು ರೋಗವೂ ಸೇರಿಕೊಂಡಿತು. ನಿಜಾಮನ ಸಾವಿರಾರು ಕುದುರೆಗಳು ಶತ್ರುವನ್ನು ಕಾಡುವ ಬದಲು ಸ್ನೇಹಿತನ ಮೇವನ್ನೇ ತಿಂದು ಮುಗಿಸಿದವು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೆ ತುಂಬಿದ ಕಾವೇರಿಯನ್ನು ದಾಟುವ ಬಗೆಯಿರಲಿಲ್ಲ. ಮೇಲುಗಡೆಯ ಕನ್ನಂಬಾಡಿಗೆ ನಡೆದ. ಅಲ್ಲಿಗೆ ತಲುಪುವಷ್ಟರಲ್ಲಿ ಫಿರಂಗಿಗಳನ್ನು ಮುಂದಕ್ಕಾಗಲಿ ಹಿಂದಕ್ಕಾಗಲಿ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮೇ 22ರಂದು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿದ. ಕೆಲವೇ ದಿನಗಳಲ್ಲಿ ಮರಾಠರ ಸೈನ್ಯ ಧಾನ್ಯ ತುಂಬಿಕೊಂಡು ಎದುರಾಯಿತು! ಅವರು ಬರುವ ಸುದ್ದಿ ಹೊತ್ತ ದೂತರನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರು. ಮುಂದೆ ಕೃಷ್ಣರಾಜಸಾಗರ ಕಟ್ಟಿದಾಗ ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು.

ಸೇವೆಗೆ ಸೇರಿದ ಹೊಸತರಲ್ಲಿ, ಎಂಬತ್ತರ ದಶಕದ ಕೊನೆಗೆ, ಈ ದಾರಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ನಾನು ಹಳೆಯದೊಂದು ಭಾರದ ಮೋಟಾರ್‌ಸೈಕಲ್ಲಿನಲ್ಲಿ ನಾಲ್ಕು ದಿನಗಳ ಸುತ್ತು ಹೊರಟಿದ್ದೆ. ಕನಕಪುರ, ಸಾತನೂರು, ಮಳವಳ್ಳಿ, ಅರಕೆರೆಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಹೋಗಿ, ಚನ್ನಪಟ್ಟಣ, ರಾಮನಗರ, ಮಾಗಡಿಗಳ ಮಾರ್ಗವಾಗಿ ಹಿಂತಿರುಗುವ ಯೋಜನೆ. ಕನಕಪುರ ದಾಟುವ ಮೊದಲೇ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟೈರಿನಿಂದ ಕಿತ್ತು ತೆಗೆದದ್ದು ಎತ್ತಿನ ಲಾಳದ ಮೊಳೆ. ಸಾತನೂರಿನಾಚೆ ಏರಿನಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಅಷ್ಟು ಭಾರದ ಗಾಡಿಯನ್ನು ಒಬ್ಬನೇ ತಳ್ಳುವುದೆಂದರೆ ಏನೆಂದು ಅನುಭವಿಸಿದವರೇ ಬಲ್ಲರು. ಹೊಲದಿಂದ ಮರಳುತ್ತಿದ್ದ ರೈತರೊಬ್ಬರು ನಾಲ್ಕಾರು ಜನರನ್ನು ಕೂಗಿ ಕರೆದು, ಅದನ್ನು ತಮ್ಮ ಎತ್ತಿನ ಗಾಡಿಗೆ ಏರಿಸಿ ಊರಿಗೆ ಮುಟ್ಟಿಸಿದರು. ಚನ್ನಪಟ್ಟಣದಲ್ಲಿ, ಎಲ್ಲೋ ಕಳಚಿ ಬಿದ್ದಿದ್ದ ಹ್ಯಾಂಡಲ್ ಹಿಡಿಕೆಗೆ ಬದಲಾಗಿ ಬೊಂಬೆ ಕಡೆಯುವ ಕುಶಲಕರ್ಮಿಯೊಬ್ಬರು ಆಲೆ ಮರದಲ್ಲಿ ಹೊಸದೊಂದನ್ನು ಮಾಡಿ, ಕೆಂಪು ಅರಗಿನ ಬಣ್ಣವನ್ನೂ ಹಚ್ಚಿ ಕೊಟ್ಟರು. ಸಾವನದುರ್ಗದ ತಪ್ಪಲಿನಲ್ಲಿ ಮಳೆಗೆ ತೊಯ್ದು ನಿಂತುಹೋದ ಎಂಜಿನ್ ಮತ್ತೆ ಹೊತ್ತಿಕೊಂಡದ್ದು ಒಂದು ಗುಡಿಸಲಿನ ಒಲೆಯ ಮುಂದೆ ಪ್ಲಗ್ ಒಣಗಿಸಿದ ಬಳಿಕ.

ಇವೆಲ್ಲ ಬರೆಯಲು ಯೋಗ್ಯವಾದ ಕಷ್ಟಗಳೇನಲ್ಲ. ಆದರೆ ಕಾರ್ನ್‌ವಾಲಿಸನ ಸೋಲಿನ ಅರ್ಥ ನನಗೆ ಸ್ಪಷ್ಟವಾದದ್ದು ಇವುಗಳಿಂದಲೇ. ನನ್ನ ಅಡಚಣೆಗಳು ಸಣ್ಣವಾಗಿಯೇ ಉಳಿದದ್ದು ರಸ್ತೆಯ ಬದಿಯಲ್ಲಿ ಜನರಿದ್ದ ಕಾರಣಕ್ಕೆ. ಮುರಿದ ಅಚ್ಚು, ಸವೆದ ಲಾಳ, ಒಂದು ಹೊರೆ ಹುಲ್ಲು ಇವು ಯಾವುದೂ 1791ರಲ್ಲಿಯೂ ದೊಡ್ಡ ಸಮಸ್ಯೆಗಳಲ್ಲ. ಕಮ್ಮಾರ, ಬಡಗಿ, ರೈತರಿರುವ ಊರಿನಲ್ಲಿ ಅವು ಅರ್ಧ ದಿನದ ಕೆಲಸ. ಅವರೇ ಇಲ್ಲದ ದಾರಿಯಲ್ಲಿ ಸಣ್ಣ ತೊಂದರೆಗಳು ಒಂದರ ಮೇಲೊಂದು ಕೂಡುತ್ತ ಮಹಾಸೈನ್ಯವನ್ನೇ ಕಟ್ಟಿಹಾಕಿದವು. ಮತ್ತೊಂದು ಸಂಗತಿಯೂ ಇದೆ. ಈ ನಾಲ್ಕು ತಾಲ್ಲೂಕುಗಳು ಹಳ್ಳಿಕಾರ್ ತಳಿಯ ನೆಲೆ. ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಸಿ, ವೇಗಕ್ಕೆ ಹೆಸರಾದ ಎತ್ತುಗಳನ್ನು ಅಲ್ಲಿ ಸಾಕಿಸಿದ್ದ. ಆತನ ಫಿರಂಗಿಗಳು ಓಡುತ್ತಿದ್ದಾಗ ಕಾರ್ನ್‌ವಾಲಿಸನ ಫಿರಂಗಿಗಳು ತೆವಳುತ್ತಿದ್ದವು.

ಕಾರ್ನ್‌ವಾಲಿಸ್ ಈ ಪಾಠವನ್ನು ಶ್ರದ್ಧೆಯಿಂದ ಕಲಿತನೆಂಬುದನ್ನು ಒಪ್ಪಲೇಬೇಕು. ಮಳೆಗಾಲದ ತಿಂಗಳುಗಳನ್ನು ಎತ್ತು, ಧಾನ್ಯ, ಗಾಡಿಗಳ ಲೆಕ್ಕಕ್ಕೆ ಮೀಸಲಿಟ್ಟ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಮೂಲಕ ಧಾನ್ಯ ಸಾಗಿಸುವ ಬಂಜಾರರೊಡನೆ ಏರ್ಪಾಡು ಮಾಡಿಕೊಂಡ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಕೋಟೆಗಳನ್ನು ಒಂದೊಂದಾಗಿ ಹಿಡಿದು ಸರಬರಾಜಿನ ದಾರಿಯನ್ನು ಭದ್ರಪಡಿಸಿದ. ಬಿದಿರ ಮೆಳೆಗಳಲ್ಲಿ ದಾರಿ ಕಡಿದು ಫಿರಂಗಿಗಳನ್ನು ಎಳೆಸಿ, ಅಭೇದ್ಯವೆನಿಸಿದ್ದ ಮಾಗಡಿ ಬಳಿಯ ಸಾವನದುರ್ಗವನ್ನು 1791ರ ಡಿಸೆಂಬರ್ 21ರಂದು ಗೆದ್ದ. ಅದೇ ತಿಂಗಳಲ್ಲಿ ರಾಮಗಿರಿ, ಉತ್ತರಿದುರ್ಗಗಳೂ ಕೈವಶವಾದವು. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಆತನ ಎತ್ತುಗಳು ಹಸಿದಿರಲಿಲ್ಲ. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಳ್ಳಬೇಕಾಯಿತು. ಯುದ್ಧದ ಲೂಟಿಯಲ್ಲಿ ತನಗೆ ಸಲ್ಲಬೇಕಾದ ಪಾಲನ್ನು ಕಾರ್ನ್‌ವಾಲಿಸ್ ಸೈನಿಕರಿಗೇ ಬಿಟ್ಟುಕೊಟ್ಟ.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ ಬೇರೆ. ಕಾನಕಾನಹಳ್ಳಿಯ ದಾರಿಯಲ್ಲಿ ಒಂದೊಂದು ಎತ್ತನ್ನೂ ಎಣಿಸಲು ಕಲಿತ ಮನುಷ್ಯ, 1793ರ ಮಾರ್ಚ್ 22ರಂದು ಬಂಗಾಳದ ಕಂದಾಯವನ್ನು ಶಾಶ್ವತವಾಗಿ ಗೊತ್ತುಪಡಿಸುವಾಗ ಒಂದೇ ಒಂದು ಹೊಲವನ್ನಾದರೂ ಅಳೆಸಲಿಲ್ಲವೇಕೆ? ಹಳೆಯ ವಸೂಲಿ ಕಡತಗಳ ಆಧಾರದ ಮೇಲೆ ಸುಮಾರು 2 ಕೋಟಿ 68 ಲಕ್ಷ ಸಿಕ್ಕಾ ರೂಪಾಯಿಯನ್ನು ಜಮೀನ್ದಾರರ ಹೆಗಲಿಗೆ ಹೊರಿಸಲಾಯಿತು. ಮೊದಲು ಹತ್ತು ವರ್ಷ ಪರೀಕ್ಷಿಸಿ ನೋಡೋಣವೆಂಬ ಜಾನ್ ಶೋರನ ಸಲಹೆ ರುಚಿಸಲಿಲ್ಲ. ಗಡುವಿನ ದಿನ ಸೂರ್ಯ ಮುಳುಗುವುದರೊಳಗೆ ಹಣ ಕಟ್ಟದಿದ್ದರೆ ಜಮೀನ್ದಾರಿ ಹರಾಜು. ಉಳುವ ರೈತ ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಯುದ್ಧದಲ್ಲಿ ಟಿಪ್ಪು ಊರುಗಳಿಂದ ಜನರನ್ನು ತೆರವುಗೊಳಿಸಿದ್ದ; ಕಾರ್ನ್‌ವಾಲಿಸ್ ಶಾಂತಿಕಾಲದಲ್ಲಿ ಕಡತದಿಂದಲೇ ಅವರನ್ನು ತೆರವುಗೊಳಿಸಿದ.

ಅದೇ ಯುದ್ಧದಲ್ಲಿ ಕಿರಿಯ ಅಧಿಕಾರಿಯಾಗಿದ್ದ ಥಾಮಸ್ ಮನ್ರೊ ಕಲಿತ ಪಾಠ ಬೇರೆಯಾಗಿತ್ತು. 1792ರಲ್ಲಿ ಟಿಪ್ಪುವಿನಿಂದ ಬಂದ ಬಾರಾಮಹಲ್ ಪ್ರದೇಶಕ್ಕೆ ಬಂಜಾರರೊಡನೆ ವ್ಯವಹರಿಸಿದ್ದ ಅದೇ ರೀಡ್ ಮುಖ್ಯಸ್ಥನಾದ. ಮನ್ರೊ ಆತನ ಸಹಾಯಕ. ಊರೂರು ಸುತ್ತಿ, ಡೇರೆಯಲ್ಲಿ ತಂಗಿ, ರೈತರೊಡನೆ ಮಾತಾಡಿ, ಹೊಲ ಅಳೆಸಿ ಅವರು ರೂಪಿಸಿದ್ದೇ ರೈತವಾರಿ ಪದ್ಧತಿ. ಅದರಲ್ಲೂ ದೋಷಗಳಿದ್ದವು, ಕಂದಾಯದ ಹೊರೆಯೂ ಭಾರವಾಗಿತ್ತು. ಆದರೆ ಅಲ್ಲಿ ರೈತನಿಗೊಂದು ಹೆಸರಿತ್ತು, ಆತನ ಹೊಲಕ್ಕೊಂದು ಸಂಖ್ಯೆಯಿತ್ತು. ಬಂಗಾಳದ ಜಮೀನ್ದಾರಿಯನ್ನು ತೊಡೆಯಲು ಸ್ವಾತಂತ್ರ್ಯಾನಂತರದ ಶಾಸನಗಳೇ ಬೇಕಾದವು.

1793ರಲ್ಲಿ ಸ್ವದೇಶಕ್ಕೆ ಮರಳಿದ ಕಾರ್ನ್‌ವಾಲಿಸ್ ಮುಂದೆ ಐರ್ಲೆಂಡಿನ ಆಡಳಿತ ವಹಿಸಿದ. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ಕೊಡಲು ದೊರೆ ಒಪ್ಪದಿದ್ದಾಗ ಹುದ್ದೆ ತ್ಯಜಿಸಿದ. 1805ರ ಜುಲೈನಲ್ಲಿ ವೃದ್ಧಾಪ್ಯದಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದು, ಗಂಗೆಯ ಮೇಲೆ ಉತ್ತರದೆಡೆಗೆ ಪ್ರಯಾಣ ಹೊರಟವನು ಅಕ್ಟೋಬರ್ 5ರಂದು ಗಾಜೀಪುರದಲ್ಲಿ ತೀರಿಕೊಂಡ. ಆತನ ಸಮಾಧಿ ಅಲ್ಲಿದೆ.

ಈ ಹಳೆಯ ಕತೆಯನ್ನು ಇಂದು ಏಕೆ ನೆನೆಯಬೇಕು? ನಾವು ಸೇವೆಗೆ ಸೇರಿದಾಗ ಕಂದಾಯ ಅಧಿಕಾರಿ ತಿಂಗಳಲ್ಲಿ ಇಂತಿಷ್ಟು ದಿನ ಪ್ರವಾಸ, ಇಂತಿಷ್ಟು ರಾತ್ರಿ ಮೊಕ್ಕಾಂ ಮಾಡಬೇಕೆಂಬ ನಿಯಮವಿತ್ತು. ಪ್ರವಾಸದ ದಿನಚರಿಯನ್ನು ಮೇಲಧಿಕಾರಿಗಳು ಓದಿ ಪ್ರಶ್ನೆ ಕೇಳುತ್ತಿದ್ದರು. ಕಾಲಾನಂತರ ಆ ಜಾಗಕ್ಕೆ ವಿಡಿಯೊ ಸಭೆಗಳೂ ಪರದೆಯ ಮೇಲಿನ ಅಂಕಿಅಂಶಗಳೂ ಬಂದವು. 2021ರಲ್ಲಿ ಜಿಲ್ಲಾಧಿಕಾರಿಗಳನ್ನು ತಿಂಗಳಿಗೊಮ್ಮೆ ಹಳ್ಳಿಗೆ ಕಳುಹಿಸಲು ವಿಶೇಷ ಕಾರ್ಯಕ್ರಮವನ್ನೇ ರೂಪಿಸಬೇಕಾಯಿತು ಎಂಬುದೇ ಹಳ್ಳಿ ಎಷ್ಟು ದೂರ ಸರಿದಿತ್ತು ಎಂಬುದಕ್ಕೆ ಸಾಕ್ಷಿ. ಅಂಕಿಅಂಶ ಬೇಡವೆಂದು ನಾನು ಹೇಳುತ್ತಿಲ್ಲ; ಅದೇ ನನ್ನ ಓದಿನ ವಿಷಯ. ಆದರೆ ಮೊಳೆ ಎಲ್ಲಿ ಬಿದ್ದಿದೆ, ಯಾವ ಏರಿನಲ್ಲಿ ಎತ್ತು ಸೋಲುತ್ತದೆ, ಯಾವ ಊರಿನಲ್ಲಿ ನೆರವಾಗುವವರು ಉಳಿದಿಲ್ಲ ಎಂಬುದನ್ನು ಪರದೆ ತೋರಿಸುವುದಿಲ್ಲ. ಹೊಸದಾಗಿ ಸೇವೆಗೆ ಬರುವ ಕಿರಿಯರು ತಮ್ಮ ಮೊದಲ ವರ್ಷದಲ್ಲಿ ಒಂದು ತಾಲ್ಲೂಕನ್ನಾದರೂ ನಿಧಾನವಾಗಿ, ಸಾಧ್ಯವಾದರೆ ದ್ವಿಚಕ್ರ ವಾಹನದಲ್ಲಿ, ಸುತ್ತಿ ಬರಲಿ. ದಾರಿಯಲ್ಲಿ ಒಂದೆರಡು ಬಾರಿ ಗಾಡಿ ಕೆಟ್ಟು ನಿಂತರೂ ನಷ್ಟವಿಲ್ಲ. ಆಗ ನೆರವಿಗೆ ಬಂದವರ ಹೆಸರನ್ನು ದಿನಚರಿಯಲ್ಲಿ ಬರೆದುಕೊಳ್ಳಲಿ.