ಗುಬ್ಬಿಯ ಮಲ್ಲಣಾರ್ಯನು

ತುಮಕೂರಿನ ಬಟವಾಡಿಯ ಭಕ್ತರಿಗೂ ಕುಣಿಗಲ್ ಸೀಮೆಯ ಶಿಷ್ಯರಿಗೂ ನೆರೆಯೂರಾದ ಗುಬ್ಬಿಯು ವೀರಶೈವ ವಾಙ್ಮಯಕ್ಕೆ ಮಹಾಕವಿಯೊಬ್ಬನನ್ನಿತ್ತ ಪುಣ್ಯಸ್ಥಳವು. ಗಣಭಾಷ್ಯರತ್ನಮಾಲೆಯನ್ನು ರಚಿಸಿದ ಗುಬ್ಬಿಯ ಮಲ್ಲಣ್ಣನ ವಂಶದಲ್ಲಿ ಜನಿಸಿದ ಮಲ್ಲಣಾರ್ಯನೇ ಆ ಕವಿಯು. ವಿಜಯನಗರವನ್ನು ಕೃಷ್ಣದೇವರಾಯನು (1509–1529) ಆಳುತ್ತಿದ್ದ ಕಾಲದಲ್ಲಿ ಈತನು ಬಾಳಿದನು. ಕಾವ್ಯಶ್ರವಣಕ್ಕೆ ಕುಳಿತವರು ಅರಿತಿರಬೇಕಾದ ಲಕ್ಷಣಗಳೆಲ್ಲವೂ ಈತನ ಕೃತಿಗಳಲ್ಲಿಯೇ ದೊರೆಯುವುವು.

1513ರಲ್ಲಿ ಈತನು ಭಾವಚಿಂತಾರತ್ನವನ್ನು ರಚಿಸಿದನು. ತಮಿಳು ನಾಡಿನಿಂದ ಬಂದ ಕಥೆಯಿದು. ಸತ್ಯೇಂದ್ರಚೋಳನ ಕುಮಾರನು ಕುದುರೆಯೇರಿ ಬರುವಾಗ ಬಡತಾಯಿಯೊಬ್ಬಳ ಮಗು ಮಡಿಯುವುದು. ಆಕೆಯು ಅರಸನಲ್ಲಿ ನ್ಯಾಯವನ್ನು ಬೇಡುವಳು. ಅರಸನು ಪುತ್ರವಾತ್ಸಲ್ಯವನ್ನು ಬದಿಗೊತ್ತಿ ನ್ಯಾಯವನ್ನೇ ಎತ್ತಿಹಿಡಿಯುವನು. ಕಡೆಯಲ್ಲಿ ಶಿವನು ಮೈದೋರಿ ಅನುಗ್ರಹಿಸುವನು. ಇವೆಲ್ಲವೂ ಕಥೆಯ ಘಟನೆಗಳು. ಘಟನೆಗಳೊಳಗೆ ನಿಂತು ಅವುಗಳನ್ನು ನಡೆಯಿಸುವ ಪಂಚಾಕ್ಷರೀಮಹಿಮೆಯೇ ಕಾವ್ಯದ ವಸ್ತುವು. ತಾಯಿಯ ಅಳಲಿನಿಂದ ಹುಟ್ಟುವ ಕರುಣೆಯು ರಸವು. ಮಗನಿಗಿಂತ ಧರ್ಮವು ದೊಡ್ಡದೆಂದು ನಿಲ್ಲುವ ಅರಸನಲ್ಲಿರುವುದು ನಾಯಕನ ಧೈರ್ಯಗುಣವು. ಈ ಭೇದವನ್ನರಿಯದವನು ಪವಾಡವನ್ನು ಮಾತ್ರ ಕಂಡು ಬೆರಗಾಗುವನು. ಅರಿತವನಾದರೋ ಆ ತಾಯಿಯ ಮೊರೆಯು ತನ್ನ ಮನೆಯ ಬಾಗಿಲಿಗೂ ಬಂದೀತೆಂದು ಎಚ್ಚರಗೊಳ್ಳುವನು.

ವಸ್ತುವನ್ನು ಹೊತ್ತುನಡೆಯುವ ಪದ್ಯರೂಪಕ್ಕೆ ಛಂದಸ್ಸೆಂದು ಹೆಸರು. ಮಲ್ಲಣಾರ್ಯನು ಆರಿಸಿದುದು ವಾರ್ಧಕ ಷಟ್ಪದಿಯನ್ನು. ಇದರ ಆರು ಪಾದಗಳಲ್ಲಿ 1, 2, 4, 5ನೆಯವು ಐದು ಮಾತ್ರೆಯ ನಾಲ್ಕು ಗಣಗಳುಳ್ಳವು. 3, 6ನೆಯವು ಅಂತಹ ಆರು ಗಣಗಳೂ ಕೊನೆಗೊಂದು ಗುರುವೂ ಉಳ್ಳವು. ಹೀಗೆ ಪದ್ಯವೊಂದಕ್ಕೆ 144 ಮಾತ್ರೆಗಳಾಗುವುವು. ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ರಚಿಸಿದುದು ಈ ಷಟ್ಪದಿಯಲ್ಲಿಯೇ. ವಾಚಕನು ರಾಗವಾಗಿ ಹಾಡುವುದಕ್ಕೂ, ಅರ್ಥ ಹೇಳುವವನು ಪದ್ಯಕ್ಕೊಮ್ಮೆ ನಿಂತು ವಿವರಿಸುವುದಕ್ಕೂ ಇದು ಒದಗುವುದು.

1530ರ ವೀರಶೈವಾಮೃತಪುರಾಣದ ರೀತಿಯೇ ಬೇರೆ. ಛಂದಸ್ಸು ಅದೇ ಆದರೂ ಭಾವಚಿಂತಾರತ್ನದಂತೆ ಇದರಲ್ಲಿ ಒಬ್ಬ ಅರಸನ ಒಂದೇ ಕಥೆಯಿಲ್ಲ. ಶಿವಲೀಲೆಗಳು, ಶಿವಶರಣರ ಚರಿತೆಗಳು, ಮತಸಿದ್ಧಾಂತಗಳು ಇವೆಲ್ಲವೂ ಒಂದೆಡೆ ಕೂಡಿರುವುವು. ಇಷ್ಟು ವಿಸ್ತಾರವಾದ ವಿಷಯವನ್ನು ಕೇಳುವವನು ದಾರಿತಪ್ಪದಂತೆ ಕವಿಯು ಗ್ರಂಥವನ್ನು 8 ಕಾಂಡಗಳಾಗಿಯೂ 136 ಸಂಧಿಗಳಾಗಿಯೂ ವಿಭಾಗಿಸಿರುವನು. ಕಾಂಡವು ದೊಡ್ಡ ಭಾಗವು; ಸಂಧಿಯು ಅದರೊಳಗಣ ಅಧ್ಯಾಯವು. ಒಂದು ಸಂಧಿಯು ಮುಗಿದಲ್ಲಿ ಪಾರಾಯಣಕ್ಕೂ ವಿಶ್ರಾಂತಿಯು ದೊರೆಯುವುದು. ಒಂದೇ ಕಥಾಸೂತ್ರವುಳ್ಳುದು ಕಾವ್ಯವೆಂದೂ, ಹಲವು ಚರಿತೆಗಳನ್ನು ಒಂದು ಮತತತ್ತ್ವದಲ್ಲಿ ಪೋಣಿಸಿದುದು ಪುರಾಣವೆಂದೂ ಈ ಎರಡು ಗ್ರಂಥಗಳಿಂದ ತಿಳಿದುಕೊಳ್ಳಬಹುದು.

ಮಲ್ಲಣಾರ್ಯನ ತರುವಾಯ 17ನೆಯ ಶತಮಾನದಲ್ಲಿ ಷಡಕ್ಷರದೇವನು ಅದೇ ಸತ್ಯೇಂದ್ರಚೋಳನ ಕಥೆಯನ್ನೆತ್ತಿಕೊಂಡು, ಗದ್ಯಪದ್ಯಗಳು ಬೆರೆತ ಚಂಪೂರೂಪದಲ್ಲಿ ರಾಜಶೇಖರವಿಲಾಸವನ್ನು ರಚಿಸಿದನು. ರೂಪವು ಬದಲಾದರೂ ಆ ತಾಯಿಯ ಮೊರೆಯು ಅಳಿಯಲಿಲ್ಲ. ಪುರಾಣಶ್ರವಣಕ್ಕೆ ಕುಳಿತ ಭಕ್ತರು ಕಿವಿಗೆ ಷಟ್ಪದಿಯ ಇಂಪನ್ನು ತುಂಬಿಕೊಳ್ಳುವುದರೊಡನೆ, ಈ ಸಂಧಿಯ ವಸ್ತುವಾವುದೆಂದು ತಮ್ಮ ಮನಸ್ಸನ್ನು ಕೇಳಿಕೊಂಡರೆ ಗುಬ್ಬಿಯ ಕವಿಯ ಶ್ರಮವು ಸಾರ್ಥಕವಾಗುವುದು.